ಸಂವಿದ್ವ್ಯತಿಕ್ರಮ ಪ್ರಕರಣವೂ ಅಯ್ಯಾವೊಳೆಯ ಐನೂರ್ವರೂ

ಅರಕೇರಿಯ ಸೀಮೆಗೆ ಮಹಾರಾಷ್ಟ್ರದ ಗಡಿ ದೂರವಲ್ಲ. ಗಡಿಯ ಈಚೆ ಹುಟ್ಟಿದ ಸಹಕಾರಿ ಸಂಘದ ಸದಸ್ಯರ ಹಕ್ಕುಬಾಧ್ಯತೆಗಳನ್ನು ಕರ್ನಾಟಕದ 1959ರ ಕಾನೂನೂ, ಆಚೆ ಹುಟ್ಟಿದ ಸಂಘದವನ್ನು ಮಹಾರಾಷ್ಟ್ರದ 1960ರ ಕಾನೂನೂ ನಿಯಮಿಸುತ್ತವೆ. ಎರಡೂ ಕಡೆ ಹಬ್ಬಿದ ಸಂಘಗಳಿಗೆ ಕೇಂದ್ರದ 2002ರ ಕಾನೂನು ಉಂಟು. ಅಮೆರಿಕದಲ್ಲಿಯಾದರೋ, ಕಂಪನಿಯು ಎಲ್ಲಿ ವ್ಯಾಪಾರಮಾಡಿದರೂ ಅದರ ಪಾಲುದಾರರಿಗೂ ನಿರ್ದೇಶಕರಿಗೂ ಇರುವ ಸಂಬಂಧವನ್ನು ಅದು ನೋಂದಣಿಯಾದ ರಾಜ್ಯದ ಕಾನೂನೇ ಆಳುವುದು. ದೊಡ್ಡ ದೊಡ್ಡ ಕಂಪನಿಗಳು ಚಿಕ್ಕದಾದ ಡೆಲವೇರ್ ರಾಜ್ಯವನ್ನು ಅರಸಿಕೊಂಡು ಹೋದುದರ ರಹಸ್ಯವಿದು. ಬಹುರಾಜ್ಯಸಂಚಾರಿಯಾದ ಸಮೂಹದ ಒಳವ್ಯವಹಾರಕ್ಕೆ ಯಾರ ಧರ್ಮವು ಪ್ರಮಾಣವೆಂಬ ಈ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. ಹೊಸದೆಂದು ತೋರುವುದು ನಾವು ಮಿತಾಕ್ಷರೆಯನ್ನು ದಾಯಭಾಗಕ್ಕಾಗಿ ಮಾತ್ರ ತೆರೆದು ನೋಡುವುದರಿಂದ.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯಕ್ಕೆ ಬರೆದ ವ್ಯಾಖ್ಯಾನದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದಿದೆ. ಸಮೂಹದ ಕಟ್ಟಳೆಯನ್ನು ಮೀರುವುದೇ ಅದರ ವಿಷಯ. ಗಣದ ದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಸೆಳೆದುಕೊಂಡು ಅವನನ್ನು ರಾಷ್ಟ್ರದಿಂದ ಹೊರಗಟ್ಟಬೇಕು. ಸಮೂಹದ ಕಾರ್ಯಕ್ಕಾಗಿ ಕಳುಹಲ್ಪಟ್ಟವನು ತನಗೆ ದೊರೆತುದನ್ನು ತಾನಾಗಿ ತಂದೊಪ್ಪಿಸಬೇಕು. ಇಲ್ಲವಾದರೆ ಹನ್ನೊಂದು ಪಾಲು ತೆರಬೇಕು. ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಅಲುಬ್ಧರೂ ಆಗಿರಬೇಕು. ಇಂದಿನ ನಿರ್ದೇಶಕರಿಗೆ ಈ ಹನ್ನೊಂದು ಪಾಲಿನ ದಂಡವು ತುಸು ಕಠಿನವೆಂದು ತೋರಬಹುದು! ಶ್ರೇಣಿ, ನೈಗಮ, ಪಾಷಂಡ, ಗಣಗಳಿಗೂ ಇದೇ ವಿಧಿಯೆಂದೂ, ಅವುಗಳ ಧರ್ಮಭೇದವನ್ನೂ ಪೂರ್ವದ ನಡಾವಳಿಯನ್ನೂ ಅರಸನು ಕಾಯಬೇಕೆಂದೂ ಸ್ಮೃತಿಯ ನಿರ್ಣಯ. ಎಂದರೆ ಕಟ್ಟಳೆಯನ್ನು ಹುಟ್ಟಿಸುವುದು ಸಮೂಹ, ಅದನ್ನು ಊರ್ಜಿತಗೊಳಿಸುವುದು ಅರಸು. ರಾಜಕೃತವಾದ ಕಟ್ಟಳೆಯನ್ನು ಬೇರೆ ಮಾಡಿ ಹೇಳುವಾಗ ವಿಜ್ಞಾನೇಶ್ವರನು ಕೊಡುವ ನಿದರ್ಶನವು ಬಹು ಸ್ವಾರಸ್ಯವಾದುದು: ಶತ್ರುಮಂಡಲಕ್ಕೆ ಕುದುರೆ ಮೊದಲಾದುವನ್ನು ಕಳುಹಕೂಡದೆಂಬುದು. ಒಳಗಿನ ಲೆಕ್ಕಾಚಾರವು ಸಮೂಹದ್ದು, ಗಡಿ ದಾಟುವ ಕುದುರೆಯು ಅರಸನದು.

ಅಯ್ಯಾವೊಳೆಯ ಐನೂರ್ವರು ಈ ಕುದುರೆಯ ವ್ಯಾಪಾರಿಗಳೇ. ಶಿಕಾರಿಪುರ ಸೀಮೆಯ ಶಾಸನವೊಂದು ಅವರ ಸರಕುಗಳಲ್ಲಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗಗಳನ್ನು ಎಣಿಸುತ್ತದೆ. ಅವರು ಪಾಲಿಸುತ್ತಿದ್ದುದು ತಮ್ಮದೇ ಆದ ಬಣಂಜುಧರ್ಮವನ್ನು. ಐಹೊಳೆಯು (1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿದ್ದು ಈಗ ಬಾಗಲಕೋಟೆಗೆ ಸೇರಿದ ಊರು) ಈ ಸಂಘದ ಕೇಂದ್ರಕಚೇರಿಯಾಗಿತ್ತೆಂದು ಹೇಳುವ ರೂಢಿಯುಂಟು. ಹಾಗಾದರೆ ಐಹೊಳೆಯನ್ನಾಳಿದ ಚಾಲುಕ್ಯರ ಧರ್ಮವೇ ತಮಿಳುನಾಡಿನ ಐನೂರ್ವರ ಒಳವ್ಯವಹಾರಕ್ಕೂ ಪ್ರಮಾಣವಾಗಬೇಕಾದೀತು; ಐಹೊಳೆಯು ನಮ್ಮ ಡೆಲವೇರ್ ಆದೀತು. ಈ ಊಹೆಯು ನಮಗೆ ಒಪ್ಪತಕ್ಕುದಾಗಿ ತೋರದು. ಸವದತ್ತಿಯ ರಟ್ಟರು ಲಟ್ಟಲೂರು ಪುರವರಾಧೀಶ್ವರರೆನಿಸಿಕೊಂಡರು. ದೋರಸಮುದ್ರದಲ್ಲಿದ್ದ ಹೊಯ್ಸಳರು ದ್ವಾರಾವತಿಯ ಹೆಸರನ್ನು ಹೊತ್ತರು. ಪ್ರಶಸ್ತಿಯಲ್ಲಿಯ ಊರ ಹೆಸರು ವಂಶದ ಮೂಲವನ್ನೂ ಹಿರಿಮೆಯನ್ನೂ ಸಾರುವುದಲ್ಲದೆ ಆಡಳಿತದ ಪೀಠವನ್ನು ತೋರಿಸುವುದಿಲ್ಲ. ಐನೂರ್ವರ ಪ್ರಶಸ್ತಿಯೂ ಇದೇ ಜಾತಿಯದು. ಅದು ಹೊಗಳುವುದು ಯಾವೊಬ್ಬ ಅರಸನ ಆಜ್ಞೆಯನ್ನೂ ಅಲ್ಲ, ಐನೂರು ವೀರಶಾಸನಗಳನ್ನು.

ಇಷ್ಟಾದರೂ ಮಿತಾಕ್ಷರೆಯಲ್ಲಿ ಒಂದು ಕೊರತೆಯನ್ನು ಕಾಣಿಸದೆ ಬಿಡುವುದು ನ್ಯಾಯವಲ್ಲ. ಪ್ರಕರಣವೆಲ್ಲ ಒಬ್ಬನೇ ಅರಸನನ್ನು ಎದುರಿಟ್ಟುಕೊಂಡು ನಡೆಯುತ್ತದೆ. ಗಣದ್ರವ್ಯವನ್ನು ಕದ್ದವನನ್ನು ರಾಷ್ಟ್ರದಿಂದ ಹೊರಗಟ್ಟಿದರೆ ಕುಂತಲದ ಬಣಜಿಗನು ಚೋಳಮಂಡಲಕ್ಕೆ ಹೋದಾನು. ಅಲ್ಲಿಯೂ ಐನೂರ್ವರಿದ್ದಾರೆ, ಅಲ್ಲಿಯೂ ಅಂಗಡಿಯಿದೆ. ಅವನಿಗೆ ಶಿಕ್ಷೆಯೆಂದರೆ ಗಡೀಪಾರಲ್ಲ, ಎಲ್ಲ ಪಟ್ಟಣಗಳ ಬಣಜಿಗರೂ ಅವನೊಡನೆ ಕೊಳುಕೊಡೆಯನ್ನು ನಿಲ್ಲಿಸುವುದು. ಹಾಗೆ ನಿಲ್ಲಿಸುವ ಶಕ್ತಿಯು ಅರಸನಿಗಿರಲಿಲ್ಲ, ಸಂಘಕ್ಕಿದ್ದಿತೆಂದು ನಮ್ಮ ಊಹೆ. ಚಾಲುಕ್ಯರೂ ಚೋಳರೂ ಪರಸ್ಪರ ಕಾದಾಡುತ್ತಿದ್ದ ಶತಮಾನದಲ್ಲಿ ಇಬ್ಬರ ನಾಡಿನಲ್ಲಿಯೂ ಒಂದೇ ಹೆಸರಿನಿಂದ ಬಾಳುವುದು ಬೇರೆ ಬಗೆಯಿಂದ ಸಾಧ್ಯವಾಗಿದ್ದಂತೆ ತೋರುವುದಿಲ್ಲ.

ಸುಮಾತ್ರದ ಬಾರೂಸಿನ ಬಳಿ ಲೋಬು ತುವಾದಲ್ಲಿ ದೊರೆತ ತಮಿಳು ಶಾಸನವನ್ನು ಇಲ್ಲಿ ನೆನೆಯಬೇಕು. ಅದರ ಕಾಲ ಶಕವರ್ಷ 1010, ಎಂದರೆ 1088. ಹಡಗುಗಳವರು ಕಸ್ತೂರಿಯ ಬೆಲೆಗೆ ತಕ್ಕಂತೆ ಇಷ್ಟು ಹೊನ್ನು ತೆರಬೇಕೆಂದು ಐನೂರ್ವರು ಅಲ್ಲಿ ಕೂಡಿ ತಾವೇ ನಿಯಮಿಸಿದರು. ಆ ಹೊನ್ನು ಕೊಡದವನು ಯಾವ ಅರಸನ ಮುಂದೆ ನಿಲ್ಲಬೇಕಾಗಿತ್ತೆಂಬ ಪ್ರಶ್ನೆಗೆ ಕಲ್ಯಾಣದ ಪಂಡಿತನ ಗ್ರಂಥದಲ್ಲಿ ಉತ್ತರವಿಲ್ಲ.