ಟಿಕೆಟ್ ಪಡೆದು ನೋಡಿದ ಮಸೀದಿ

ವಿದೇಶಕ್ಕೆ ಹೋಗಿಬಂದ ನಮ್ಮವರ ಬರಹಗಳನ್ನು ಓದುವಾಗಲೆಲ್ಲ ನನಗೆ ಅನಿಸುವುದುಂಟು: ಇವರ ಕಣ್ಣಿಗೂ ಹೊಟ್ಟೆಗೂ ಪರಸ್ಪರ ಪರಿಚಯವೇ ಇಲ್ಲವೇನೋ! ಒಂದು ಪುಟದಲ್ಲಿ ಕಣ್ಣು ಸೇತುವೆ, ಗೋಪುರ, ಜಲಪಾತಗಳನ್ನು ನೋಡಿ ಬೆರಗಾಗುತ್ತದೆ. ಮಗುಚಿದರೆ ಮುಂದಿನ ಪುಟದಲ್ಲಿ ಹೊಟ್ಟೆ ಅನ್ನ ಸಾರಿಗಾಗಿ ಗೋಳಾಡುತ್ತದೆ. ಕಡೆಗೆ ಯಾರೋ ಪುಣ್ಯಾತ್ಮರ ಮನೆಯಲ್ಲಿ ಬಿಸಿಬೇಳೆಬಾತ್ ಸಿಕ್ಕು ಪ್ರವಾಸ ಸಾರ್ಥಕವಾಗುತ್ತದೆ. ಬರೆಯುವವನು ಮುಸ್ಲಿಮನಾದರೆ ಬಿಸಿಬೇಳೆಬಾತಿನ ಜಾಗದಲ್ಲಿ ಹಲಾಲ್ ಬಿರಿಯಾನಿ. ಅಷ್ಟೇ ವ್ಯತ್ಯಾಸ.

ನಮ್ಮ ಪರಂಪರೆಯೇನೂ ಬಡವಾದುದಲ್ಲ. ಹೈದರಾಬಾದ್ ಮೂಲದ ಯೂಸುಫ್ ಖಾನ್ ಕಂಬಲ್‌ಪೋಶ್ 1837ರಲ್ಲಿ ಇಂಗ್ಲೆಂಡಿಗೆ ಹೊರಟವನು. ಆ ಪ್ರಯಾಣದ ಮೇಲೆ ಅವನು ಬರೆದ ಪುಸ್ತಕ 1847ರಲ್ಲಿ ಅಚ್ಚಾಯಿತು. 'ಅಜಾಯಿಬಾತ್-ಎ-ಫರಂಗ್' ಎಂದು ಹೆಸರಾದ ಅದನ್ನು ಉರ್ದುವಿನ ಮೊದಲ ಸಫರ್‌ನಾಮಾ ಎನ್ನುತ್ತಾರೆ. ಅಜಾಯಿಬ್ ಎಂದರೆ ಅಚ್ಚರಿಗಳು. ಹಡಗಿನಲ್ಲಿ ತಿಂಗಳುಗಟ್ಟಲೆ ಹೋದವನಿಗೆ ಅಚ್ಚರಿಪಡುವ ಹಕ್ಕಿತ್ತು. ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಅಮೆರಿಕದ ಬಗ್ಗೆ ಬರೆದರು, ಗೊರೂರು ಬರೆದರು. 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಗೊರೂರರದು ಹಾಸನ ಸೀಮೆಯ ಕಣ್ಣು. ಆದರೆ ಆ ಕಣ್ಣಿಗೆ ನಿಂತು ನೋಡುವ ವ್ಯವಧಾನವಿತ್ತು. ಈಗ ಹೋಗುವ ನಮಗೆ ಹೊರಡುವ ಮೊದಲೇ ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಮುಗಿದಿರುತ್ತದೆ. ನೋಡಿದ್ದನ್ನೇ ಮತ್ತೆ ನೋಡಿ, ಅದರ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಲು ಹೋಗುತ್ತೇವೆ. ಬೆರಗನ್ನು ಮಾತ್ರ ಹಳೆಯವರಿಂದ ಎರವಲು ತಂದು ಬರೆಯುತ್ತೇವೆ.

ಇದನ್ನು ಬೇರೆಯವರ ಮೇಲಿನ ಟೀಕೆಯಾಗಿ ಬರೆಯುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ನಾಲ್ಕು ದಿನ ಕೆನಡಾದ ಎಡ್ಮಂಟನ್‌ನಲ್ಲಿದ್ದೆ. ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ, ಹತ್ತು ಲಕ್ಷ ದಾಟಿದ ಊರು. ಉತ್ತರ ಸಸ್ಕಾಚೆವಾನ್ ನದಿ ಊರಿನ ನಡುವೆ ಬಳಸಿಕೊಂಡು ಹರಿಯುತ್ತದೆ. ಎರಡೂ ದಂಡೆಯ ಕಣಿವೆಯನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಕಾಡಿನ ಹಾಗೆಯೇ ಉಳಿಸಿಕೊಂಡಿದ್ದಾರೆ. ನನ್ನ ಅಕ್ಕನ ಮಗಳು ಅಲ್ಲಿದ್ದಾಳೆ. ನಾಲ್ಕು ದಿನಗಳಲ್ಲಿ ಏನೇನು ನೋಡಬೇಕು, ಎಲ್ಲೆಲ್ಲಿ ತಿನ್ನಬೇಕು ಎಂದು ಅವಳು ಒಂದು ಪಟ್ಟಿ ಮಾಡಿಟ್ಟಿದ್ದಳು. ನೋಡುವುದು ಒಂದು ಕಡೆ, ತಿನ್ನುವುದು ಇನ್ನೊಂದು ಕಡೆ, ನಡುವೆ ಗೆರೆ. ಆ ಗೆರೆಯ ಬಗ್ಗೆಯೇ ನನ್ನ ತಕರಾರು.

ಮೊದಲ ದಿನ ಎಲ್ಲರ ಹಾಗೆ ವೆಸ್ಟ್ ಎಡ್ಮಂಟನ್ ಮಾಲ್. 1981ರಲ್ಲಿ ಬಾಗಿಲು ತೆರೆದ ಇದು 2004ರವರೆಗೂ ಜಗತ್ತಿನ ಅತಿ ದೊಡ್ಡ ಮಾಲ್ ಎನಿಸಿಕೊಂಡಿತ್ತು. ಕಟ್ಟಿಸಿದವರು ಗೆರ್ಮೇಜಿಯನ್ ಕುಟುಂಬದವರು. ಇರಾನಿನಿಂದ ಬಂದು ರತ್ನಗಂಬಳಿ ಮಾರುತ್ತಿದ್ದ ಯಹೂದಿ ಮನೆತನ. ಒಳಗೆ ಮಂಜುಗಡ್ಡೆಯ ಮೇಲೆ ಜಾರುವ ಅಂಗಳವಿದೆ, ಅಲೆ ಏಳುವ ಕೊಳವಿದೆ. ಒಂದು ಕಾಲಕ್ಕೆ ಜನರನ್ನು ಕೂರಿಸಿ ನೀರೊಳಗೆ ತಿರುಗಿಸುವ ನಾಲ್ಕು ಜಲಾಂತರ್ಗಾಮಿಗಳೂ ಇದ್ದವಂತೆ. ಆಗ ಕೆನಡಾದ ನೌಕಾಪಡೆಯ ಬಳಿ ಇದ್ದದ್ದು ಮೂರೇ ಎಂದು ಊರಿನವರು ಇಂದಿಗೂ ನಗುತ್ತಾ ಹೇಳುತ್ತಾರೆ. ಆ ಕೃತಕ ಕೆರೆಯಲ್ಲಿ ಕೊಲಂಬಸ್ಸನ 'ಸಾಂತಾ ಮರಿಯಾ' ಹಡಗಿನ ಪ್ರತಿಕೃತಿ ನಿಂತಿದೆ, ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ. ನಮ್ಮ ಕಡೆಯವರೇ ಆದ ಎರಡು ಮೂರು ಸಂಸಾರಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವು. ನಾನೂ ನಿಂತೆ. ಇಂಡಿಯಾ ಹುಡುಕಿ ಹೊರಟು ದಾರಿ ತಪ್ಪಿ, ಸಿಕ್ಕ ಜನರಿಗೆಲ್ಲ 'ಇಂಡಿಯನ್' ಎಂಬ ನಮ್ಮ ಹೆಸರು ಅಂಟಿಸಿದವನ ಹಡಗಿನ ಮುಂದೆ ಅಸಲಿ ಇಂಡಿಯನ್ನರು ಹಲ್ಲು ಕಿರಿದು ನಿಂತಿದ್ದೇವೆಂದು ಆಗ ಹೊಳೆಯಲಿಲ್ಲ. ಮರುದಿನ ರಾತ್ರಿ ಊಟದ ಮೇಜಿನಲ್ಲಿ ಹೊಳೆಯಿತು.

ಅದಕ್ಕೆ ಮೊದಲು ಮಧ್ಯಾಹ್ನದ ಒಂದು ತಿಂಡಿಯ ವಿಷಯ ಹೇಳಬೇಕು. ಈ ಊರಿನದೇ ತಿಂಡಿ ಯಾವುದು ಎಂದು ಕೇಳಿದೆ. 'ಗ್ರೀನ್ ಆನಿಯನ್ ಕೇಕ್' ಎಂದಳು ಅಕ್ಕನ ಮಗಳು. ಕೇಕೂ ಅಲ್ಲ ಏನೂ ಅಲ್ಲ. ಗೋಧಿ ಹಿಟ್ಟಿನ ನಡುವೆ ಹೆಚ್ಚಿದ ಈರುಳ್ಳಿ ಸೊಪ್ಪು ಹರಡಿ, ಸುತ್ತಿ, ಲಟ್ಟಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸಿದ ಪದರು ರೊಟ್ಟಿ. ಅಮ್ಮಿ ಮಾಡುವ ಪರಾಠೆಯ ದೂರದ ನೆಂಟ. ಉತ್ತರ ಚೀನಾದ ಈ ಮನೆಯ ತಿಂಡಿಯನ್ನು 1970ರ ದಶಕದ ಕೊನೆಯಲ್ಲಿ ಸ್ಯೂ ಟೋ ಎಂಬ ಹೋಟೆಲಿನವರು ಇಲ್ಲಿ ಮಾಡಿ ಮಾರತೊಡಗಿದರು. ಬೇಸಿಗೆಯ ಜಾತ್ರೆಗಳಲ್ಲಿ ಅದು ಎಲ್ಲರ ಬಾಯಿಗೆ ಬಿತ್ತು. ಈಗ ಎಡ್ಮಂಟನ್ನಿನವರು ಅದನ್ನು ತಮ್ಮೂರಿನ ತಿಂಡಿ ಎಂದೇ ಹೇಳುತ್ತಾರೆ. ಪಟ್ಟಿಯಲ್ಲಿ ಅದು 'ತಿನ್ನುವುದು' ಎಂಬ ಕಡೆ ಇತ್ತು. ಆದರೆ ಆ ಊರಿನ ಬಗ್ಗೆ ನನಗೆ ಮೊದಲು ಏನಾದರೂ ಹೇಳಿದ್ದು ಗಾಜಿನ ಪಿರಮಿಡ್ಡುಗಳೂ ಅಲ್ಲ, 1913ರ ಎತ್ತರದ ಸೇತುವೆಯೂ ಅಲ್ಲ, ಆ ರೊಟ್ಟಿ. ಒಬ್ಬ ವಲಸಿಗನ ಅಡುಗೆ ಊರಿನದಾಗಲು ಹತ್ತಿಪ್ಪತ್ತು ವರ್ಷ ಸಾಕು. ವಲಸಿಗ ಊರಿನವನಾಗಲು ಎಷ್ಟು ಬೇಕೋ!

ರಾತ್ರಿ ಊಟಕ್ಕೆ ಹೋದದ್ದು ಊರಿನ ಆಗ್ನೇಯಕ್ಕಿರುವ ಮಿಲ್‌ವುಡ್ಸ್ ಕಡೆಗೆ. ಪಂಜಾಬಿ ಮಿಠಾಯಿ ಅಂಗಡಿಗಳು, ಚಿನ್ನದಂಗಡಿ, ಸೀರೆ ಸಲ್ವಾರ್, ಹಲಾಲ್ ಮಾಂಸದ ಅಂಗಡಿ. ನಮ್ಮ ಭಾಗದವರು ಹೊಸದಾಗಿ ಹೋದರೆ ಅಲ್ಲಿ ಕಾಲಿಟ್ಟ ಕೂಡಲೇ 'ಅಬ್ಬಾ, ಮನೆಗೆ ಬಂದ ಹಾಗಾಯ್ತು' ಎನ್ನುತ್ತಾರೆ. ನಾನೂ ಎಂದೆ. ಬಿರಿಯಾನಿ ಬಂತು. ನಮ್ಮ ಮದುವೆ ಮನೆಯದಕ್ಕೆ ಹೋಲಿಸಿದರೆ ಸುಮಾರು. ಹೋಲಿಸಬಾರದು, ಆದರೂ ಹೋಲಿಸುತ್ತೇವೆ. ಅಕ್ಕನ ಮಗಳ ಮಗಳಿಗೆ ಹತ್ತು ವರ್ಷ. ನಮ್ಮ 'ಮನೆಗೆ ಬಂದ ಹಾಗಾಯ್ತು' ಎಂಬ ಮಾತನ್ನು ಕೇಳಿ, ಪಾಠ ಒಪ್ಪಿಸುವವಳಂತೆ, "ಇದು ಆರನೇ ಒಪ್ಪಂದದ ನೆಲ, ಪಾಪಸ್‌ಚೇಸ್ ಜನರ ಜಾಗ" ಎಂದಳು. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ದೊಡ್ಡವರು ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ರಾಯ್ತಾ ತರಿಸಿದರು.

ಆ ಮೇಲೆ ಓದಿಕೊಂಡೆ. ಪಾಪಸ್‌ಚೇಸ್ ಎಂದರೆ ಕ್ರೀ ಭಾಷೆಯಲ್ಲಿ ಮರಕುಟಿಗ. ಒಬ್ಬ ನಾಯಕನ ಹೆಸರು, ಅವನ ಜನರ ಹೆಸರು. ಬ್ರಿಟಿಷ್ ರಾಣಿಯ ಹೆಸರಿನಲ್ಲಿ ನಡೆದ ಆರನೇ ಒಪ್ಪಂದಕ್ಕೆ ಅವರು ಸೇರಿದ್ದು 1877ರಲ್ಲಿ. ನದಿಯ ದಕ್ಷಿಣಕ್ಕೆ ಸುಮಾರು 40 ಚದರ ಮೈಲಿ ನೆಲವನ್ನು ಅವರಿಗೆಂದು ಅಳೆದು ಬಿಟ್ಟರು. ಊರಿನ ಹತ್ತಿರ ಇಷ್ಟು ಒಳ್ಳೆಯ ನೆಲ ಇವರಿಗೇಕೆ ಎಂದು ವಲಸೆ ಬಂದವರು ಗಲಾಟೆ ತೆಗೆದರು. ಅದರಲ್ಲಿ ಮುಂದಿದ್ದವನು ಫ್ರಾಂಕ್ ಆಲಿವರ್, ಪತ್ರಿಕೆ ನಡೆಸುತ್ತಿದ್ದವನು, ಮುಂದೆ ಮಂತ್ರಿಯಾದವನು. ಹಸಿವು, ರೋಗ, ಸರಕಾರಿ ಚೀಟಿಗಳ ಆಮಿಷ ಎಲ್ಲ ಸೇರಿ ಜನ ಚದುರಿದರು. 1888ರಲ್ಲಿ ಮೂವರ ರುಜು ಪಡೆದು ಇಡೀ ನೆಲವನ್ನು ಬರೆಸಿಕೊಂಡರು. ಅವರ ವಂಶಸ್ಥರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ 2008ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಹೇಳಿದ್ದು: ದಾವೆ ಹೂಡುವ ಅವಧಿ ಮೀರಿದೆ. ಆಲಿವರನ ಹೆಸರಿನ ಬಡಾವಣೆಗೆ 2024ರಲ್ಲಿ ಒಂದು ಕ್ರೀ ಹೆಸರನ್ನು ಆರಿಸಿದರು. ಹೆಸರು ಬದಲಿಸಲು ಅವಧಿ ಮೀರುವುದಿಲ್ಲ ನೋಡಿ.

ಮಿಲ್‌ವುಡ್ಸಿನ ಒಂದು ಭಾಗ ಆ ನೆಲದ ಮೇಲಿದೆ. ಅಂದರೆ 'ಇಂಡಿಯನ್ನರ' ಮೀಸಲು ನೆಲದಲ್ಲಿ ಕುಳಿತು ಇಂಡಿಯನ್ನರು ಬಿರಿಯಾನಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಚರ್ಚಿಸುತ್ತಿದ್ದೆವು. ಹಲಾಲ್ ಎಂಬ ಪದವನ್ನು ನಾವು ಕುರಿ ಕೋಳಿಗೆ ಸೀಮಿತಗೊಳಿಸಿಬಿಟ್ಟಿದ್ದೇವೆ. ಗಳಿಕೆ ಹಲಾಲಾಗಿರಬೇಕು, ನೆಲ ಕಿತ್ತುಕೊಂಡದ್ದಾಗಿರಬಾರದು ಎಂದು ಚಿಕ್ಕಂದಿನಲ್ಲಿ ಮದ್ರಸದಲ್ಲಿ ನಮಗೂ ಹೇಳಿಕೊಟ್ಟಿದ್ದರು. ಹಾಗೆಂದು ಆ ಹೋಟೆಲಿನ ಮಾಲೀಕನದಾಗಲೀ ಕಂತು ಕಟ್ಟುತ್ತಾ ಬದುಕುವ ಅಕ್ಕನ ಮಗಳದಾಗಲೀ ತಪ್ಪೆಂದು ನಾನು ಹೇಳಲಾರೆ. ಅವರು ಬಂದದ್ದು ಎಷ್ಟೋ ತಲೆಮಾರಿನ ನಂತರ. ಆದರೆ ಊಟದ ಬಗ್ಗೆ ಎರಡು ಪುಟ ಬರೆಯುವ ಪ್ರವಾಸಿ ಲೇಖಕ ಮೇಜಿನ ಕೆಳಗಿನ ನೆಲದ ಬಗ್ಗೆ ಎರಡು ಸಾಲನ್ನಾದರೂ ಬರೆಯಬೇಕು. ಹತ್ತು ವರ್ಷದ ಹುಡುಗಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ ಎಂಬುದು ನಾಚಿಕೆಯ ಮಾತು.

ಮೂರನೇ ದಿನ ಮಳೆ. ಬಿಟ್ಟುಬಿಡೋಣ. ನಾಲ್ಕನೇ ದಿನ ಫೋರ್ಟ್ ಎಡ್ಮಂಟನ್ ಪಾರ್ಕ್. ನದಿ ಕಣಿವೆಯಲ್ಲಿ ಊರಿನ ಚರಿತ್ರೆಯನ್ನು ಬೀದಿಗಳಾಗಿ ಕಟ್ಟಿ ನಿಲ್ಲಿಸಿದ್ದಾರೆ: 1846ರ ತುಪ್ಪಳ ವ್ಯಾಪಾರಿಗಳ ಕೋಟೆ, 1885ರ ಬೀದಿ, 1905ರ ಬೀದಿ, 1920ರ ಬೀದಿ. ಉಗಿಬಂಡಿಯಲ್ಲಿ ಕೂತು ಹೋಗಬಹುದು. ಹಳೆಯ ಕಾಲದ ಉಡುಪು ತೊಟ್ಟವರು ನಗುನಗುತ್ತಾ ಮಾತನಾಡಿಸುತ್ತಾರೆ. ಮೂಲನಿವಾಸಿಗಳ ಕಥೆಯನ್ನು ಅವರದೇ ದನಿಯಲ್ಲಿ ಹೇಳುವ ಒಂದು ವಿಭಾಗ ಸೇರಿದ್ದು 2021ರಲ್ಲಿ. ಪಾರ್ಕು ತೆರೆದದ್ದು 1974ರಲ್ಲಿ. ನಡುವೆ ನಲವತ್ತೇಳು ವರ್ಷ.

1920ರ ಬೀದಿಯಲ್ಲಿ, ಇಟ್ಟಿಗೆಯ ಒಂದು ಪುಟ್ಟ ಕಟ್ಟಡ. ಮುಂದೆ ಎರಡು ಗೋಪುರ, ಮೇಲೆ ಗುಮ್ಮಟ, ಅರ್ಧಚಂದ್ರ. ದೂರದಿಂದ ನೋಡಿದರೆ ಪೂರ್ವ ಯುರೋಪಿನ ಚರ್ಚು ಎನ್ನಬೇಕು. ಅದು ಅಲ್ ರಶೀದ್ ಮಸೀದಿ, 1938ರಲ್ಲಿ ಕಟ್ಟಿದ್ದು, ಕೆನಡಾದ ಮೊಟ್ಟಮೊದಲನೆಯದು. ಚರ್ಚಿನ ಹಾಗೆ ಕಾಣಲು ಕಾರಣವೂ ಇದೆ. ಕಟ್ಟಿದ ಗುತ್ತಿಗೆದಾರ ಮೈಕ್ ಡ್ರೂಥ್ ಉಕ್ರೇನ್ ಮೂಲದವನು, ಅವನ ಕೈಗೆ ರೂಢಿಯಾಗಿದ್ದದ್ದು ಚರ್ಚುಗಳು. ಮಸೀದಿ ಎಂದರೆ ಹೇಗಿರಬೇಕೆಂದು ಇವರು ಹೇಳಿದರು, ಅವನಿಗೆ ಬರುವ ಹಾಗೆ ಅವನು ಕಟ್ಟಿಕೊಟ್ಟ.

ಆಗ ಇಡೀ ಕೆನಡಾದಲ್ಲಿ ಮುಸ್ಲಿಮರು ಸಾವಿರವೂ ಇರಲಿಲ್ಲ. (2021ರ ಜನಗಣತಿಯಲ್ಲಿ ಸುಮಾರು 18 ಲಕ್ಷ.) ಇದ್ದವರಲ್ಲಿ ಹಲವರು ಲೆಬನಾನಿನ ಬೆಕಾ ಕಣಿವೆಯಿಂದ ಬಂದು ತುಪ್ಪಳ, ಬಟ್ಟೆ, ಕಿರಾಣಿ ಮಾರುತ್ತಿದ್ದವರು. ಅವರಲ್ಲಿ ಹಿಲ್ವಿ ಹಮ್ದಾನ್ ಎಂಬ ಹೆಂಗಸು ಇನ್ನು ಕೆಲವು ಹೆಂಗಸರನ್ನು ಕಟ್ಟಿಕೊಂಡು ಮೇಯರ್ ಬಳಿ ಹೋಗಿ ಜಾಗ ಕೇಳಿದಳು. ದುಡ್ಡು ಕೂಡಿಸಿದರೆ ಜಾಗ ಕೊಡಬಹುದು ಎಂದರಂತೆ ಅವರು. ಆಕೆ ಜಾಸ್ಪರ್ ಅವೆನ್ಯೂದ ಅಂಗಡಿ ಅಂಗಡಿಗೆ ಹೋಗಿ ಚಂದಾ ಎತ್ತಿದಳು. ಯಹೂದಿ, ಕ್ರೈಸ್ತ, ಮುಸ್ಲಿಂ ಎಲ್ಲರೂ ಕೊಟ್ಟರು. ಆರಂಭೋತ್ಸವಕ್ಕೆ ಬಂದಿದ್ದವರು ಯಾರು ಗೊತ್ತೆ? ಅಬ್ದುಲ್ಲಾ ಯೂಸುಫ್ ಅಲಿ. ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿರುವ ಇಂಗ್ಲಿಷ್ ಕುರ್‌ಆನ್ ಅನುವಾದ ಅವರದು. ನಮ್ಮದೇ ದೇಶದ ಐಸಿಎಸ್ ಅಧಿಕಾರಿಯಾಗಿದ್ದವರು.

1982ರಲ್ಲಿ ಊರಿನಲ್ಲಿ ದೊಡ್ಡ ಮಸೀದಿ ಬಂತು. ಹಳೆಯದು ಆಸ್ಪತ್ರೆಯ ಪಕ್ಕ ಖಾಲಿ ಬಿದ್ದಿತ್ತು. ಆಸ್ಪತ್ರೆ ವಿಸ್ತರಣೆಗೆ ಅದನ್ನು ಕೆಡವಬೇಕೆಂದಾಗ ಎದ್ದು ನಿಂತವರು ಮತ್ತೆ ಹೆಂಗಸರೇ, ಕೆನಡಾದ ಮುಸ್ಲಿಂ ಮಹಿಳೆಯರ ಪರಿಷತ್ತಿನವರು. ಪಾರ್ಕಿನ ಚರಿತ್ರೆ 1920ರ ದಶಕಕ್ಕೇ ನಿಲ್ಲುತ್ತದೆ, ಈ ಕಟ್ಟಡ ಆಮೇಲಿನದು ಎಂಬ ಆಕ್ಷೇಪ ಬಂತು. ಕಾಲಕ್ಕೆ ಸೇರದ ಕಟ್ಟಡವೋ, ಕಥೆಗೆ ಸೇರದ ಜನರೋ ಎಂಬುದನ್ನು ಓದುಗರೇ ಊಹಿಸಲಿ. ಹೆಂಗಸರು ಬಿಡಲಿಲ್ಲ. ಹಣ ಕೂಡಿಸಿದರು, ಕಟ್ಟಡವನ್ನು ಇಲ್ಲಿಗೆ ಸಾಗಿಸಿದರು. 1992ರಲ್ಲಿ ಪಾರ್ಕಿನೊಳಗೆ ಅದರ ಬಾಗಿಲು ತೆರೆಯಿತು.

ಇಬಾದತ್ತಿನ ಮನೆಯನ್ನು ಪ್ರದರ್ಶನದ ಗೊಂಬೆ ಮಾಡಿದರು ಎಂದು ಕೆಲವರಿಗೆ ಅನಿಸಬಹುದು. ನನಗೂ ಒಂದು ಕ್ಷಣ ಹಾಗೇ ಅನಿಸಿತು: ಕೈಯಲ್ಲಿ ಪಾರ್ಕಿನ ಟಿಕೆಟ್ಟು, ಎದುರಿಗೆ ಮಸೀದಿ, ಪಕ್ಕದಲ್ಲಿ ಐಸ್‌ಕ್ರೀಮ್ ನೆಕ್ಕುತ್ತಾ ಇಣುಕುವ ಹುಡುಗರು. ಆದರೆ ಆ ಹೆಂಗಸರ ಲೆಕ್ಕಾಚಾರವೇ ಸರಿ ಎಂದು ಈಗ ನನ್ನ ಅಭಿಪ್ರಾಯ. ಊರಿನ ಚರಿತ್ರೆಯೆಂದು ಕಟ್ಟಿದ ಬೀದಿಯಲ್ಲಿ ನಮ್ಮದೂ ಒಂದು ಮನೆಯಿದೆ ಎಂದು ಸ್ಥಾಪಿಸುವುದು ಇಟ್ಟಿಗೆ ಉಳಿಸುವುದಕ್ಕಿಂತ ದೊಡ್ಡ ಕೆಲಸ. ಭಾಷಣದಲ್ಲಿ 'ನಾವೂ ಈ ಊರಿನವರೇ' ಎಂದರೆ ಮರುದಿನ ಮರೆಯುತ್ತಾರೆ. ಕಟ್ಟಡ ಬೀದಿಯಲ್ಲಿ ನಿಂತಿರುತ್ತದೆ, ಐಸ್‌ಕ್ರೀಮಿನ ಹುಡುಗ ನೋಡಿರುತ್ತಾನೆ.

ನನ್ನ ಬೇಸರ ಬೇರೆ. 'ಕೆನಡಾದ ಮೊದಲ ಮಸೀದಿ' ಎಂಬ ಹೆಮ್ಮೆಯ ಮಾತನ್ನು ನಮ್ಮವರ ಭಾಷಣಗಳಲ್ಲಿ, ಲೇಖನಗಳಲ್ಲಿ ಕಂಡಿದ್ದೇನೆ. ಅಲ್ಲಿ ಯೂಸುಫ್ ಅಲಿ ಇರುತ್ತಾರೆ. ಹಿಲ್ವಿ ಇರುವುದಿಲ್ಲ. ಡ್ರೂಥ್ ಇರುವುದಿಲ್ಲ, ಚಂದಾ ಕೊಟ್ಟ ಯಹೂದಿ ಅಂಗಡಿಯವನಂತೂ ಇಲ್ಲವೇ ಇಲ್ಲ. ಹೆಂಗಸೊಬ್ಬಳು ಓಡಾಡಿ ಕಟ್ಟಿಸಿದ, ಹೆಂಗಸರೇ ಉಳಿಸಿಕೊಂಡ ಮಸೀದಿ ಎಂದು ಹೇಳಿಬಿಟ್ಟರೆ ಮುಂದಿನ ಪ್ರಶ್ನೆ ನಮ್ಮ ಮೊಹಲ್ಲಾದ ಮಸೀದಿಯ ಬಾಗಿಲಿಗೆ ಬಂದು ನಿಲ್ಲುತ್ತದಲ್ಲ, ಅದಕ್ಕೇ ಇರಬೇಕು. ನಮ್ಮ ಓಣಿಯ ಮಸೀದಿಗೆ ಛಾವಣಿ ಹಾಕಿಸುವಾಗ ಅಮ್ಮಿ ತನ್ನ ಎರಡು ಬಳೆ ಬಿಚ್ಚಿಕೊಟ್ಟಿದ್ದರು. ಆ ಛಾವಣಿಯನ್ನು ಒಳಗಿನಿಂದ ಅವರು ಇಂದಿಗೂ ನೋಡಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮಿಗೆ ಎಲ್ಲ ಹೇಳಿದೆ. ಮಾಲ್ ಬಗ್ಗೆ ಹೂಂಗುಟ್ಟಿದರು, ಈರುಳ್ಳಿ ಸೊಪ್ಪಿನ ರೊಟ್ಟಿಯನ್ನು ಹೇಗೆ ಮಾಡುತ್ತಾರೆಂದು ಬಿಡಿಸಿ ಕೇಳಿದರು. ಮಸೀದಿಯ ವಿಷಯ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ನಮ್ಮಂಥ ಹೆಂಗಸರನ್ನ ಒಳಗೆ ಬಿಡ್ತಾರೇನೋ?" ಎಂದರು.

"ಟಿಕೆಟ್ ತಗೊಂಡ್ರೆ ಯಾರನ್ನಾದ್ರೂ ಬಿಡ್ತಾರೆ, ಅಮ್ಮಿ."

"ಎಷ್ಟಂತೆ ಟಿಕೆಟ್ಟು?" ಎಂದರು.