ಕಪ್ಪು ಕಿಟಕಿಗೆ ಇಳಿಯದ ತುಂಗೆ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕನ್ನಡ ಫಾಂಟಿಗೆ ಮೈಕ್ರೋಸಾಫ್ಟ್ ಇಟ್ಟ ಹೆಸರು 'ತುಂಗಾ'. ಶಿವಮೊಗ್ಗದ ಹೊಳೆಯ ಹೆಸರು ಹೀಗೆ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ಸೇರಿತು. ಅದಕ್ಕೆ ಮುಂಚೆ ಬರಹದಂಥ ತಂತ್ರಾಂಶಗಳಲ್ಲಿ ಫೈಲಿನೊಳಗೆ ಕನ್ನಡ ಬರೆಯುತ್ತಿದ್ದೆವು. ಫೈಲಿನ ಹೆಸರು ಮಾತ್ರ ಇಂಗ್ಲಿಷಿನಲ್ಲೇ ಇರುತ್ತಿತ್ತು. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂದ ಮೇಲೆ ಹೆಸರನ್ನೂ ಕನ್ನಡದಲ್ಲೇ ಇಡಬಹುದಾಯಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಎಕ್ಸ್‌ಪಿಯ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಗೆ ತುಂಗೆ ಇಳಿಯಲೇ ಇಲ್ಲ.

ಇದರಿಂದ ಯಾರಿಗೇನು ನಷ್ಟ? ಸವಳಂಗ ರಸ್ತೆಯನ್ನೇ ನೆನೆಯಿರಿ. ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು, ಕೃಷಿ ವಿಶ್ವವಿದ್ಯಾಲಯ ಎರಡೂ ಇರುವ ದಾರಿ ಅದು. ಅಂಥ ದಾರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಪ್ರಾಜೆಕ್ಟ್ ವರದಿ, ಲಗ್ನಪತ್ರಿಕೆ, ಬಾಡಿಗೆ ಕರಾರು ಎಲ್ಲ ಒಂದೇ ಫೋಲ್ಡರಿನಲ್ಲಿ ಗುಡ್ಡೆಬಿದ್ದಿರುತ್ತವೆ ಎಂದುಕೊಳ್ಳಿ. ಮೌಸ್ ಹಿಡಿದು ಒಂದೊಂದನ್ನೇ ವಿಂಗಡಿಸಲು ಇಡೀ ಮಧ್ಯಾಹ್ನ ಬೇಕು. ಕಮಾಂಡ್ ಗೊತ್ತಿದ್ದವರಿಗೆ ನಾಲ್ಕು ಸಾಲು ಸಾಕು. ಕಪ್ಪು ಕಿಟಕಿಯ ಹೆಚ್ಚುಗಾರಿಕೆಯೇ ಅದು.

ಆ ಕಿಟಕಿಯಲ್ಲಿ 'ಡಿಐಆರ್' ಎಂಬ ಆಜ್ಞೆ ಕೊಟ್ಟರೆ ಫೈಲುಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ಒಂದು ಫೈಲಿಗೆ ಇಳಿಸಿಕೊಂಡರೆ ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. 'ಪತ್ರ' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿಗೆ ನಾಲ್ಕು ಸಂಕೇತ: ಪ, ತ, ಹಲಂತದ ಗುರುತು, ರ. ಹಾಗಾಗಿ ಅದು '????' ಆಗುತ್ತದೆ.

ಇಲ್ಲಿಯವರೆಗೆ ಇದು ಅಂದಗೇಡು ಮಾತ್ರ. ಅಪಾಯ ಮುಂದಿದೆ. ಡಾಸ್ ಕಾಲದಿಂದಲೂ ಈ ಕಿಟಕಿಯಲ್ಲಿ '?' ಎಂದರೆ 'ಯಾವ ಅಕ್ಷರವಾದರೂ ಸರಿ' ಎಂದರ್ಥ. ಪಟ್ಟಿಯಲ್ಲಿದ್ದ '????' ಎಂಬ ಹೆಸರಿನ ಹಿಂದೆ ಅಳಿಸುವ ಆಜ್ಞೆ ಸೇರಿಸಿದರೆ 'ಪತ್ರ' ಒಂದೇ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ 'ಬಿಲ್', 'ರೆಂಟ್' ಎಂದು ಹೆಸರಿಟ್ಟ ಅದೇ ಬಗೆಯ ಫೈಲುಗಳೂ ಜೊತೆಗೇ ಹೋಗುತ್ತವೆ. ಕಿಟಕಿ 'ಖಂಡಿತವೇ?' ಎಂದು ಕೇಳುವುದೂ ಇಲ್ಲ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಬೀಳುವುದಿಲ್ಲ.

ತಜ್ಞರ ಸಮರ್ಥನೆ ಗೊತ್ತಿರುವಂಥದ್ದೇ: ಕಮಾಂಡ್ ಇರುವುದು ಇಂಗ್ಲಿಷ್ ಬಲ್ಲವರಿಗೆ, ಮೇಲಾಗಿ ಪ್ರತಿ ಅಕ್ಷರಕ್ಕೂ ಸಮ ಅಗಲದ ಒಂದು ಮನೆ ಕೊಡುವ ಈ ಕಿಟಕಿಯಲ್ಲಿ ಒತ್ತಕ್ಷರ ಕೂರಿಸುವುದು ಕಷ್ಟ. ಎರಡನೆಯ ಮಾತು ನಿಜ. ಮೊದಲನೆಯದು ನೆಪ. ಆಜ್ಞೆ ಇಂಗ್ಲಿಷಿನಲ್ಲಿರಲಿ, ತಕರಾರಿಲ್ಲ. ಹೆಸರು ಮಾತ್ರ ಇಟ್ಟವರದು. ತೋರಿಸಲಾಗದ ಅಕ್ಷರಕ್ಕೆ ಖಾಲಿ ಜಾಗ ಬಿಟ್ಟಿದ್ದರೂ ಸಹಿಸಬಹುದಿತ್ತು. 'ಯಾವುದಾದರೂ ಸರಿ' ಎಂಬ ಗುರುತನ್ನೇ ಅಲ್ಲಿ ಕೂರಿಸಿದ್ದು ಅಸಡ್ಡೆ.

ಮದ್ದು ಅದರೊಳಗೇ ಇತ್ತೆಂಬುದು ಇನ್ನೂ ಬೇಸರದ ಸಂಗತಿ. ಡಿಸ್ಕಿನಲ್ಲಿ ಹೆಸರು ಯೂನಿಕೋಡಿನಲ್ಲೇ ಭದ್ರವಾಗಿರುತ್ತದೆ. 'ಸಿಎಂಡಿ' ಪಕ್ಕದಲ್ಲಿ '/ಯು' ಸೇರಿಸಿ ಕಿಟಕಿ ತೆರೆದು, ಅದೇ ಪಟ್ಟಿಯನ್ನು ಫೈಲಿಗೆ ಇಳಿಸಿದರೆ ನೋಟ್‌ಪ್ಯಾಡಿನಲ್ಲಿ 'ಪತ್ರ' ಪತ್ರವಾಗಿಯೇ ಕಾಣುತ್ತದೆ. ಆದರೆ ಕೇಳಿದವರಿಗಷ್ಟೇ ಅದು ಸಿಗುವುದು. ಕೇಳಬೇಕೆಂದು ಗೊತ್ತಿದ್ದವರು ಎಷ್ಟು ಜನ?

2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ಆದರೂ ಕನ್ನಡದ ಫೈಲಿಗೆ ಇಂಗ್ಲಿಷ್ ಹೆಸರಿಡುವ ನಮ್ಮ ರೂಢಿ ಹೋಗಿಲ್ಲ. ಅದನ್ನು ಕೀಳರಿಮೆ ಎಂದು ಬಯ್ಯುವವರಿದ್ದಾರೆ. ಹೆಸರು ಕಳೆದುಹೋಗುವ ಕಡೆ ಜನ ಹುಷಾರಾಗಿರುವುದು ಕೀಳರಿಮೆಯಲ್ಲ, ವಿವೇಕ. ತಂತ್ರಾಂಶಕ್ಕೆ ಕನ್ನಡ ಬರುತ್ತದೆಯೇ ಎಂದು ಮೆನು ನೋಡಿ ತೀರ್ಮಾನಿಸಬಾರದು. ಅದಕ್ಕೊಂದು ಕನ್ನಡದ ಹೆಸರು ಕೊಟ್ಟು, ಅದೇ ಹೆಸರು ವಾಪಸು ಬರುತ್ತದೆಯೇ ನೋಡಬೇಕು.