ಕೂವೆ ಹಿಟ್ಟಿನ ಒಣ ಶಾಂಪೂ

ನೆತ್ತಿಯ ಜಿಡ್ಡು ಮೊದಲು ಸೇರುವುದು ಕೂದಲ ಬುಡದಲ್ಲಿ. ತುದಿ ಒಣಗಿಯೇ ಇರುತ್ತದೆ. ಅಷ್ಟಕ್ಕಾಗಿ ಇಡೀ ತಲೆ ತೋಯಿಸುವುದಕ್ಕಿಂತ ಕೂವೆ ಹಿಟ್ಟನ್ನೋ ಕಾರ್ನ್‌ಫ್ಲೋರನ್ನೋ ಬುಡಕ್ಕೆ ಉದುರಿಸಿ, 10 ನಿಮಿಷ ಬಿಟ್ಟು ಬಾಚುವುದು ಜಾಣತನ. ಹಿಟ್ಟಿನ ನುಣ್ಣನೆಯ ಕಣಗಳು ಜಿಡ್ಡು ಹೀರಿಕೊಂಡು ಬಾಚಣಿಗೆಯ ಜೊತೆ ಹೊರಬೀಳುತ್ತವೆ. ಕಪ್ಪು ಕೂದಲು ನರೆತಂತೆ ಕಾಣುತ್ತದೆಂಬ ಆಕ್ಷೇಪ ಸರಿಯೇ. ಸಕ್ಕರೆಯಿಲ್ಲದ ಕೋಕೋ ಪುಡಿ ಬೆರೆಸಿದರೆ ಬಿಳುಪು ಅಡಗುತ್ತದೆ, ಚಾಕಲೇಟಿನ ಪರಿಮಳ ಪುಕ್ಕಟೆ. ಅಂಗಡಿಯ ಸ್ಪ್ರೇ ಇದಕ್ಕಿಂತ ಸಲೀಸು, ಒಪ್ಪೋಣ. ಆದರೆ 2022ರಲ್ಲಿ ಅಮೆರಿಕದಲ್ಲಿ ಕೆಲವು ಒಣ ಶಾಂಪೂ ಸ್ಪ್ರೇಗಳನ್ನು ಕ್ಯಾನ್ಸರ್‌ಕಾರಕ ಬೆಂಜೀನ್ ಇರಬಹುದೆಂದು ಮಾರುಕಟ್ಟೆಯಿಂದ ಹಿಂಪಡೆದರು. ಶಾಂಪೂವನ್ನು ಹೊರಚಿಮ್ಮಿಸುವ ಅನಿಲವೇ ಅದರ ಮೂಲವೆಂದು ತಯಾರಕರೇ ಹೇಳಿದರು. ಮನೆಯ ಡಬ್ಬಿಗೆ ಅಂಥ ಅನಿಲವೇ ಬೇಡ. ಹಾಗೆಂದು ಇದು ತಲೆಸ್ನಾನವಲ್ಲ: ಬೆವರಿನ ಉಪ್ಪು, ಹೊಟ್ಟು ಅಲ್ಲೇ ಉಳಿಯುತ್ತವೆ. ಕರಾವಳಿಯ ಸೆಕೆಯಲ್ಲಂತೂ ಬೆವತ ಬುಡಕ್ಕೆ ಹಾಕಿದರೆ ಹಿಟ್ಟು ಮುದ್ದೆಗಟ್ಟುತ್ತದೆ. ಮೊದಲು ಫ್ಯಾನಿನಡಿ ಕೂದಲು ಆರಿಸಿಕೊಳ್ಳಬೇಕು.